ಹೊತ್ತು ಹೋಗದ ಮಕ್ಕಳು

ಪರೀಕ್ಷೆಗಳು ಮುಗಿದು, ಏಪ್ರಿಲ್ ತಿಂಗಳ ನಡುವಿನಲ್ಲಿ ಶಾಲೆಗೆ ಬೀಗ ಬಿದ್ದ ಮೊದಲ ಎರಡು ದಿನ ಮನೆಗೆ ಹಬ್ಬದ ಕಳೆ. ಮೂರನೆಯ ದಿನ ಮಧ್ಯಾಹ್ನದ ಊಟವಾಗಿ, ಹೊರಗೆ ಬಿಸಿಲು ಸುರಿಯುತ್ತಿದ್ದು, ಹಿರಿಯರು ಇನ್ನೇನು ತುಸು ಅಡ್ಡಾಗಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಆ ಮಾತು ಕಿವಿಗೆ ಬೀಳುತ್ತದೆ: “ಅಮ್ಮಾ, ಬೇಜಾರು. ಏನು ಮಾಡಲಿ?” ಧಾರವಾಡದ ಕಡೆಯ ಮನೆಯಾದರೆ “ಹೊತ್ತು ಹೋಗವಲ್ದು” ಎಂದು, ಬೆಂಗಳೂರಿನ ಬಡಾವಣೆಯಾದರೆ “ಬೋರು” ಎಂದು. ಮಾತು ಬೇರೆಯಾದರೂ ರಾಗ ಒಂದೇ. ಶಾಲೆ ಮತ್ತೆ ತೆರೆಯಲು ಇನ್ನೂ ಆರು ವಾರಗಳಿವೆ ಎಂಬುದನ್ನು ನೆನೆದು ತಾಯಿಯ ಎದೆ ಒಮ್ಮೆ ಝಲ್ಲೆನ್ನುತ್ತದೆ.

ಈ ‘ಬೇಸರ’ ಎಂಬ ಮಾತು ಕನ್ನಡದಲ್ಲಿ ಬಹಳ ಅಗಲವಾದ ಮಾತು. ಮಾಡಲು ಕೆಲಸವಿಲ್ಲದಿದ್ದರೂ ಬೇಸರ, ಕೆಲಸ ಹೆಚ್ಚಾದರೂ ಬೇಸರ. ಸ್ನೇಹಿತ ಊರು ಬಿಟ್ಟು ಹೋದರೂ ಬೇಸರ, ಯಾರೋ ಒಂದು ಕಟುವಾದ ಮಾತಾಡಿದರೂ ಬೇಸರ. ದುಃಖಕ್ಕೂ ಆಯಾಸಕ್ಕೂ ಒಂಟಿತನಕ್ಕೂ ಬರಿಯ ಬಿಡುವಿಗೂ ನಾವು ಒಂದೇ ಹೆಸರಿಟ್ಟಿದ್ದೇವೆ. ಇದು ಭಾಷೆಯ ಬಡತನವೆಂದು ನನಗೆ ತೋರುವುದಿಲ್ಲ. ಅನುಭವಸ್ಥರು ಕಟ್ಟಿದ ಭಾಷೆಯಲ್ಲಿ ಹೀಗಾಗುವುದೇ ಸಹಜ. ಮಗು “ಬೇಜಾರು” ಎಂದಾಗ ಅದಕ್ಕೆ ಹಸಿವಾಗಿರಬಹುದು, ನಿದ್ದೆ ಬಂದಿರಬಹುದು, ಹೊಸದಾಗಿ ಮನೆಗೆ ಬಂದ ತಮ್ಮನ ಮೇಲೆ ಹೊಟ್ಟೆಕಿಚ್ಚಾಗಿರಬಹುದು, ಅಥವಾ ನಿಜವಾಗಿಯೇ ಹೊತ್ತು ಹೋಗದೆ ಇರಬಹುದು. ಹಿರಿಯರಾದ ನಾವು ಇಷ್ಟನ್ನು ವಿಚಾರಿಸುವ ತಾಳ್ಮೆಯಿಲ್ಲದೆ ಎರಡರಲ್ಲಿ ಒಂದು ಉತ್ತರ ಕೊಟ್ಟುಬಿಡುತ್ತೇವೆ. ಒಂದು, “ಪುಸ್ತಕ ಹಿಡಿದು ಕೂತುಕೋ.” ಇನ್ನೊಂದು, ಬಾಯಿಬಿಟ್ಟು ಹೇಳದ ಉತ್ತರ: ಕೈಗೆ ಮೊಬೈಲು. ಮೊದಲನೆಯದು ಮಗುವಿನ ಬೇಸರವನ್ನು ಅಪರಾಧವಾಗಿ ಮಾಡುತ್ತದೆ, ಎರಡನೆಯದು ಅದನ್ನು ಕಾಯಿಲೆಯಾಗಿ ಮಾಡುತ್ತದೆ. ಅದು ಮಗುವಿನ ಸ್ವಂತ ಸೊತ್ತು, ಅದರ ಬಗೆಗೆ ಏನಾದರೂ ಮಾಡಬೇಕಾದ್ದೂ ಹೆಚ್ಚಾಗಿ ಮಗುವೇ ಎಂಬುದು ಎರಡಕ್ಕೂ ಹೊಳೆಯುವುದಿಲ್ಲ.

ಹಿಂದಿನ ಕಾಲದ ಮಕ್ಕಳಿಗೆ ಬೇಸರವೇ ಇರಲಿಲ್ಲವೆಂದು ಹೇಳುವವರಿದ್ದಾರೆ. ತೊಟ್ಟಿಯ ಮನೆ, ಹಿತ್ತಲು, ಹತ್ತಾರು ಜನ ಒಡಹುಟ್ಟಿದವರು, ದಾಯಾದಿಗಳು. ಅಲ್ಲಿ ಬೇಸರಕ್ಕೆ ಎಡೆಯೆಲ್ಲಿ ಎನ್ನುತ್ತಾರೆ. ಈ ಮಾತನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಕಲ್ಕತ್ತೆಯ ಜೋಡಾಸಾಂಕೋದಲ್ಲಿದ್ದ ಠಾಕೂರರ ಮನೆಗಿಂತ ತುಂಬಿದ ಮನೆ ಯಾವುದಿದ್ದೀತು? 1861ರಲ್ಲಿ ಆ ಮನೆಯಲ್ಲಿ ಹುಟ್ಟಿದ ರವೀಂದ್ರರು ತಮ್ಮ ‘ಜೀವನಸ್ಮೃತಿ’ಯಲ್ಲಿ ಬಾಲ್ಯದ ಒಂದು ಸಂಗತಿಯನ್ನು ಹೇಳಿಕೊಂಡಿದ್ದಾರೆ. ಮಕ್ಕಳನ್ನು ನೋಡಿಕೊಳ್ಳಲು ಸೇವಕರಿದ್ದರು. ಅವರಲ್ಲಿ ಶ್ಯಾಮನೆಂಬವನು ಹುಡುಗನನ್ನು ಒಂದೆಡೆ ಕೂರಿಸಿ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ದಾಟಿದರೆ ಕೇಡು ತಪ್ಪದೆಂದು ಬೆರಳೆತ್ತಿ ಹೆದರಿಸಿ ತನ್ನ ಪಾಡಿಗೆ ತಾನು ಹೋಗಿಬಿಡುತ್ತಿದ್ದ. ಸೀತೆ ಗೆರೆ ದಾಟಿ ಪಟ್ಟ ಪಾಡನ್ನು ರಾಮಾಯಣದಲ್ಲಿ ಓದಿ ತಿಳಿದಿದ್ದ ಬಾಲಕನಿಗೆ ಆ ಗೆರೆಯ ವಿಷಯದಲ್ಲಿ ಸಂದೇಹವೇ ಬರಲಿಲ್ಲ. ಅದೃಷ್ಟಕ್ಕೆ ಎದುರಿನಲ್ಲೊಂದು ಕಿಟಕಿ. ಕಿಟಕಿಯ ಕೆಳಗೆ ಕೊಳ. ಕೊಳದ ದಡದಲ್ಲಿ ಬಿಳಲು ಬಿಟ್ಟ ಆಲದ ಮರ. ಸ್ನಾನಕ್ಕೆ ಬರುವವರಲ್ಲಿ ಯಾರು ಹೇಗೆ ಮುಳುಗುತ್ತಾರೆ, ಯಾರಿಗೆ ಅವಸರ, ಯಾರಿಗೆ ನಿಧಾನ ಎಂಬುದೆಲ್ಲ ಆ ಹುಡುಗನಿಗೆ ಬಾಯಿಪಾಠವಾಗಿತ್ತು. ಮಧ್ಯಾಹ್ನವಾಗಿ ಕೊಳ ಬರಿದಾದ ಮೇಲೆ ಆಲದ ಕೆಳಗಿನ ಕತ್ತಲೆಯೊಂದೇ ಅವನಿಗೆ ಉಳಿಯುತ್ತಿತ್ತು.

ಬೇಸರಪಟ್ಟ ಮಕ್ಕಳೆಲ್ಲ ಕವಿಗಳಾಗುತ್ತಾರೆಂದು ಇದರಿಂದ ಸಾಧಿಸಹೊರಟರೆ ನಗೆಪಾಟಲಾಗುತ್ತದೆ. ನನ್ನ ಗಮನ ಶ್ಯಾಮನ ಮೇಲೆ. ಅವನು ಕೆಟ್ಟವನಲ್ಲ, ಅವನಿಗೆ ಬೇರೆ ಕೆಲಸವಿತ್ತು, ಅಥವಾ ಬೇರೆ ಕೆಲಸ ಬೇಕಾಗಿತ್ತು. ಗೆರೆ ಎಳೆದದ್ದು ಹುಡುಗನ ಹಿತಕ್ಕಲ್ಲ, ತನ್ನ ಅನುಕೂಲಕ್ಕೆ. ಇಂದು ನಾವು ಮಗುವಿನ ಕೈಗೆ ಮೊಬೈಲು ಕೊಡುವುದೂ ಇದೇ ಬಗೆಯ ಗೆರೆ ಎಳೆಯುವುದೇ. ಮಗು ಅಲ್ಲಾಡದೆ ಕೂರುತ್ತದೆ, ನಮ್ಮ ಕೆಲಸ ಸಾಗುತ್ತದೆ. ಆದರೆ ಒಂದು ಅಂತರ ಉಂಟು. ಶ್ಯಾಮನ ಗೆರೆಯೊಳಗೆ ಕೂತ ಹುಡುಗನಿಗೆ ಕಿಟಕಿ ಇತ್ತು. ಅದರಲ್ಲಿ ಕಾಣುವುದನ್ನು ಅವನೇ ಜೋಡಿಸಿಕೊಳ್ಳಬೇಕಾಗಿತ್ತು. ಈಗಿನ ಗೆರೆಯೊಳಗೆ ಎಲ್ಲವೂ ಜೋಡಿಸಿಯೇ ಬರುತ್ತದೆ; ಒಂದು ಮುಗಿಯುವ ಮುನ್ನವೇ ಮತ್ತೊಂದು ತಾನೇ ಮೊದಲಾಗುತ್ತದೆ. ಬೇಸರಪಡಲು ಅರೆಗಳಿಗೆಯ ಬಿಡುವೂ ಅಲ್ಲಿಲ್ಲ. ಅದರಿಂದ ಎದ್ದ ಮಗುವಿನ ಮುಖ ನೋಡಿದವರಿಗೆ ಗೊತ್ತು, ಹೊತ್ತು ಹೋಗಿರುತ್ತದೆಯೇ ಹೊರತು ಬೇಸರ ಹೋಗಿರುವುದಿಲ್ಲ.

ಮಕ್ಕಳಲ್ಲಿ ಬೇಸರವನ್ನು ಬಾಯಿಬಿಟ್ಟು ಹೇಳುವವರು ಸುಮಾರು ಏಳರಿಂದ ಹನ್ನೊಂದರ ವಯಸ್ಸಿನವರು. ಅದಕ್ಕೂ ಚಿಕ್ಕವರು ಹೇಳಲಾರರು, ಅಳುತ್ತಾರೆ. ಅದಕ್ಕೂ ದೊಡ್ಡವರು ಹೇಳಲೊಲ್ಲರು, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಹೇಳುವವರಿಂದಲೇ ಮೊದಲುಮಾಡೋಣ.

ಈ ವಯಸ್ಸಿನವರಿಗೆ ನಿಯಮವೆಂದರೆ ಪ್ರಾಣ. ಯಾವ ಆಟವಾದರೂ ಸರಿ, ಆಡುವುದಕ್ಕಿಂತ “ಹಾಗಲ್ಲ, ಹೀಗೆ” ಎಂದು ವಾದಿಸುವುದರಲ್ಲಿ ಅರ್ಧ ಹೊತ್ತು ಕಳೆಯುತ್ತಾರೆ. ಆ ವಾದವೂ ಆಟದ ಭಾಗವೇ ಎಂದು ತಿಳಿಯದ ಹಿರಿಯರು ನ್ಯಾಯಾಧೀಶರಾಗಿ ನಡುವೆ ಪ್ರವೇಶಿಸಿ ಕೆಡಿಸುತ್ತಾರೆ. ಇವರಿಗೆ ಬೇಕಾದ ಸಾಮಗ್ರಿ ನಮ್ಮಲ್ಲಿ ಬೇಕಾದಷ್ಟಿದೆ, ದುಡ್ಡೂ ಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದರ 25 ಮನೆ ಬರೆದು, ನಾಲ್ಕು ಪಕ್ಕದ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೀಟು ಎಳೆದರೆ ಚೌಕಾಬಾರ ಸಿದ್ಧ. ಕೆಲವು ಕಡೆ ಇದನ್ನು ಕಟ್ಟೆಮನೆ ಎನ್ನುತ್ತಾರೆ. ನಾಲ್ಕು ಕವಡೆ; ಕವಡೆಯಿಲ್ಲದಿದ್ದರೆ ಹುಣಿಸೆಯ ಬೀಜವನ್ನು ಒಂದು ಮಗ್ಗುಲು ಬಿಳಿ ಬರುವಂತೆ ಕಲ್ಲಿಗೆ ತೇಯ್ದುಕೊಂಡರಾಯಿತು. ತೇಯುವುದಕ್ಕೇ ಒಂದು ಮಧ್ಯಾಹ್ನ ಬೇಕು, ಅದೇನು ಕಡಿಮೆ ಲಾಭವೆ? ನಾಲ್ಕೂ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಕೆಳಗಾಗಿ ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಮತ್ತೊಂದು ಸಲ ಹಾಕುವ ಭಾಗ್ಯ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಹಲವು ಊರುಗಳಲ್ಲಿದೆ. ಹಣ್ಣಾಗಲು ಒಂದೇ ಮನೆ ಉಳಿದಿರುವಾಗ ಕಡಿಸಿಕೊಂಡ ಹುಡುಗನ ಮುಖವನ್ನು ನೋಡಬೇಕು. ಬದುಕಿನಲ್ಲಿ ಮುಂದೆ ಬರುವ ಎಷ್ಟೋ ಸೋಲುಗಳ ರುಚಿಯನ್ನು ಅವನು ಅಲ್ಲಿ, ಬಂಧುಗಳ ನಡುವೆ, ಯಾವ ನಷ್ಟವೂ ಇಲ್ಲದೆ ನೋಡಿರುತ್ತಾನೆ.

ಅಳಿಗುಳಿ ಮಣೆಯ ಸೊಗಸೇ ಬೇರೆ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿಗಳು. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಎತ್ತಿಕೊಂಡು ಮುಂದುವರಿಯಬೇಕು, ಬರಿದಾಗಿದ್ದರೆ ಅದರಾಚೆಯದು ಗಳಿಕೆ. ಎಲ್ಲಿ ಎತ್ತಿದರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎತ್ತುವ ಮೊದಲೇ ಕಣ್ಣಲ್ಲಿ ಎಣಿಸಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ಶಾಲೆಯ ಮುಖ ಕಾಣದವರು, ಆದರೆ ಈ ಲೆಕ್ಕದಲ್ಲಿ ಅವರನ್ನು ಮೀರಿಸುವುದು ಕಷ್ಟ. ತುಳುನಾಡಿನಲ್ಲಿ ಇದು ಚೆನ್ನೆಮಣೆ. ಅಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ, ಗದ್ದೆಯ ಕೆಲಸ ನಿಂತು ಮನೆಯಿಂದ ಹೊರಗೆ ಕಾಲಿಡಲಾರದ ದಿನಗಳಲ್ಲಿ, ಈ ಮಣೆಯನ್ನು ಮುಂದಿಟ್ಟುಕೊಳ್ಳುತ್ತಿದ್ದರು. ಅಂದರೆ ಮನೆಯೊಳಗೆ ಸಿಕ್ಕಿಬಿದ್ದ ದೊಡ್ಡವರಿಗೂ ಹೊತ್ತು ಹೋಗುತ್ತಿರಲಿಲ್ಲ; ಅವರು ಅದನ್ನು ನಾಚಿಕೆಯ ಮಾತೆಂದು ಬಚ್ಚಿಡದೆ ಅದಕ್ಕೊಂದು ಮಣೆಯನ್ನೇ ಕೆತ್ತಿಸಿಟ್ಟರು. ಹಂಪೆಯ ಮಂಟಪಗಳ ಕಲ್ಲುಹಾಸಿನಲ್ಲಿ ಆಟದ ಮನೆಗಳನ್ನು ಕೊರೆದವರು ಯಾರೋ, ಕಾವಲುಗಾರರೋ ಯಾತ್ರಿಕರೋ! ಆ ಬೇಸರ ಕಲ್ಲಿನಲ್ಲಿ ಉಳಿದಿದೆ.

ಇಲ್ಲಿ ಒಂದು ಮಾತನ್ನು ಉಪಾಧ್ಯಾಯರಾದ ಓದುಗರಿಗೆ ಸಲುಗೆಯಿಂದ ಹೇಳಬೇಕು. ಈ ಆಟಗಳಿಂದ ಗಣಿತ ಬರುತ್ತದೆಂದು ಇತ್ತೀಚೆಗೆ ಹೇಳುವುದು ರೂಢಿಯಾಗಿದೆ. ಬರುವುದು ನಿಜ. ಆದರೆ ಅದನ್ನು ಮಕ್ಕಳ ಮುಂದೆ ಹೇಳಬಾರದು. ಆಟದ ನಡುವೆ “ಈಗ ಹೇಳು, ಹದಿನೈದರಲ್ಲಿ ಆರು ಹೋದರೆ ಎಷ್ಟು?” ಎಂದು ಕೇಳಿದ ಗಳಿಗೆಯಲ್ಲಿ ಅಳಿಗುಳಿ ಮಣೆ ಕರಿಹಲಗೆಯಾಗುತ್ತದೆ, ಮಗು ಆಕಳಿಸುತ್ತದೆ. ರಜೆಗೆ ರಜೆಯ ಮರ್ಯಾದೆ ಸಲ್ಲಬೇಕು.

ಮನೆಯಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳಿರುವಾಗ ತೊಡಕು ಹೆಚ್ಚು. ಒಂಬತ್ತು ವರ್ಷದವಳು ಕಾಯಿ ನಡೆಸುತ್ತಿರುವಾಗ ನಾಲ್ಕು ವರ್ಷದವನು ಬಂದು ಕವಡೆಗಳನ್ನೆಲ್ಲ ಬಾಚಿಕೊಂಡು ಓಡುತ್ತಾನೆ. ಅಕ್ಕ ಕಿರುಚುತ್ತಾಳೆ, ತಮ್ಮ ಅಳುತ್ತಾನೆ, ತಾಯಿ ಇಬ್ಬರಿಗೂ ಒಂದೊಂದು ಹಾಕುತ್ತಾಳೆ. ಇದಕ್ಕೆ ನಮ್ಮ ಬೀದಿಯ ಮಕ್ಕಳು ಎಂದೋ ಕಂಡುಹಿಡಿದ ಪರಿಹಾರವೊಂದು ಗಾದೆಯಾಗಿಯೇ ನಿಂತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಮಾತನ್ನು ದೊಡ್ಡವರು ಪರಸ್ಪರ ಹಳಿಯುವುದಕ್ಕೆ ಬಳಸಿಕೊಂಡು ಕೆಡಿಸಿದ್ದಾರೆ. ಮೂಲದಲ್ಲಿ ಅದು ಎಂಥ ಉದಾರವಾದ ವ್ಯವಸ್ಥೆ! ಚಿಕ್ಕವನನ್ನು ಹೊರಗೆ ಹಾಕಲಿಲ್ಲ, ಆಟವನ್ನೂ ಕೆಡಿಸಲಿಲ್ಲ. ಅವನು ಓಡುತ್ತಾನೆ, ಮುಟ್ಟುತ್ತಾನೆ, ಕೂಗುತ್ತಾನೆ, ‘ಔಟು’ ಮಾತ್ರ ಆಗುವುದಿಲ್ಲ. ಕವಡೆ ಹಾಕುವ ಕೆಲಸ ತಮ್ಮನದು, ಕಾಯಿ ನಡೆಸುವುದು ಅಕ್ಕನದು ಎಂದು ಹಂಚಿಕೊಟ್ಟರೆ ಮನೆಯಲ್ಲೂ ಇದು ನಡೆಯುತ್ತದೆ. ಹುಲಿ-ಕುರಿಯ ಆಟದಲ್ಲಿ 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ಹೊಡೆಯುತ್ತದೆ, ಕುರಿಗಳು ಒಟ್ಟುಗೂಡಿ ಹುಲಿಯನ್ನು ಕಟ್ಟಿಹಾಕುತ್ತವೆ. ಬಲ್ಲವರು ಕುರಿ ಹಿಡಿದು ಹೊಸಬರಿಗೆ ಹುಲಿ ಕೊಟ್ಟರೆ ಆಟ ಸರಿದೂಗುತ್ತದೆ. ಹದಿಮೂರರ ಅಣ್ಣನೂ ಏಳರ ತಂಗಿಯೂ ಎದುರುಬದುರು ಕೂತು, ಯಾರೂ ಯಾರಿಗೂ ಬಿಟ್ಟುಕೊಡದೆ ಆಡಬಹುದಾದ ಆಟಗಳು ಹೆಚ್ಚಿಲ್ಲ, ಇದು ಅಂಥದೊಂದು.

ಇನ್ನು ಹೇಳಲಾರದವರು: ಎರಡು, ಮೂರು, ನಾಲ್ಕು ವರ್ಷದ ಎಳೆಯರು. ಇವರಿಗೆ ಬೇಸರವಾಗುತ್ತದೆಂದು ನಾವು ಭಾವಿಸುವ ಕಡೆ ಆಗುವುದಿಲ್ಲ. ರೋಮ್ ನಗರದ ಬಡವರ ಕೇರಿಯಲ್ಲಿ 1907ರಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೋರಿ ಕಂಡು ಬೆರಗಾದ ಒಂದು ದೃಶ್ಯವಿದೆ. ಮೂರು ವರ್ಷದ ಹುಡುಗಿಯೊಬ್ಬಳು ಮರದ ಸಣ್ಣ ಉರುಳೆಗಳನ್ನು ಅವುಗಳ ಕುಳಿಗಳಿಂದ ತೆಗೆದು ಮತ್ತೆ ಅದೇ ಕುಳಿಗಳಲ್ಲಿ ಇಡುತ್ತಿದ್ದಳು. ಸುತ್ತ ಇತರ ಮಕ್ಕಳನ್ನು ಹಾಡಿಸಿದರು, ಅವಳು ತಲೆಯೆತ್ತಲಿಲ್ಲ. ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲೆ ಕೂರಿಸಿದರು, ಉರುಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಬಾರಿ ಹೀಗೆ ಮಾಡಿ, ಯಾರೂ ಹೇಳದೆ ತಾನಾಗಿಯೇ ನಿಲ್ಲಿಸಿದಾಗ ನಿದ್ದೆಯಿಂದೆದ್ದವಳಂತೆ ನಗುತ್ತಿದ್ದಳಂತೆ. ಈ ತಾಯಿ 1939ರಲ್ಲಿ ಮದ್ರಾಸಿನ ಅಡಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು, ನೂರಾರು ಉಪಾಧ್ಯಾಯರನ್ನು ತರಬೇತುಗೊಳಿಸಿದರು.

ಮಾಡಿದ್ದನ್ನೇ ಮಾಡುವುದರಿಂದ ಬೇಸರಗೊಳ್ಳುವವರು ನಾವು, ಮಗುವಲ್ಲ. ಅದೇ ಕತೆಯನ್ನು ಹತ್ತನೆಯ ಸಲ ಕೇಳುವ ಮಗುವಿಗೆ ಅದು ಹೊಸದು. ಹೇಳುವ ತಂದೆಗೆ ಸಾಕೋಸಾಕು. ಹಾಗಾಗಿ ಎಳೆಯರಿಗೆ ದಿನಕ್ಕೊಂದು ಹೊಸ ಆಟಿಕೆ ತರುವ ಉಪಚಾರ ವ್ಯರ್ಥ. ಅವರಿಗೆ ಬೇಕಾದದ್ದು ನಾವು ಮಾಡುವ ಕೆಲಸದಲ್ಲೊಂದು ಪಾಲು. ಅವರೆಕಾಯಿ ಬಿಡಿಸುವಾಗ ಎದುರಿಗೆ ಕೂರಿಸಿಕೊಂಡರೆ ಮಗು ಒಂದು ಕಾಯಿ ಬಿಡಿಸಿ ಎರಡನ್ನು ಚೆಲ್ಲುತ್ತದೆ, ಚೆಲ್ಲಲಿ. ಚೊಂಬಿನಿಂದ ಲೋಟಕ್ಕೆ, ಲೋಟದಿಂದ ಚೊಂಬಿಗೆ ನೀರು ಸುರಿಯುವುದಕ್ಕೆ ಬಚ್ಚಲುಮನೆಯಲ್ಲಿ ಬಿಟ್ಟರೆ, ಹಿರಿಯರೊಬ್ಬರ ಕಣ್ಣಳತೆಯಲ್ಲಿ, ಅರ್ಧ ಗಂಟೆ ಸದ್ದಿರುವುದಿಲ್ಲ. ಮಡಿಸಲು ಕರವಸ್ತ್ರ, ಜೋಡಿ ಮಾಡಲು ಕಾಲುಚೀಲ, ಬಡಿಯಲು ಹಳೆಯ ಪಾತ್ರೆ. ಒಂದು ಎಚ್ಚರ ಮಾತ್ರ ಬೇಕು: ಕಾಳು, ಗುಲಗಂಜಿ, ಗುಂಡಿಗಳಂಥ ಸಣ್ಣ ವಸ್ತುಗಳು ಮೂರು ವರ್ಷದೊಳಗಿನವರ ಬಾಯಿಗೋ ಮೂಗಿಗೋ ಸೇರುವುದುಂಟು, ಗುಲಗಂಜಿಯಂತೂ ವಿಷದ ಬೀಜ, ಎಳೆಯರಿರುವ ಮನೆಯಲ್ಲಿ ಅದರ ಬದಲು ಹುಣಿಸೆಬೀಜವೇ ವಾಸಿ, ಅದೂ ಕಣ್ಣೆದುರಿಗೆ. ಮೊಬೈಲು, ದೂರದರ್ಶನಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ: ಎರಡು ವರ್ಷ ತುಂಬುವವರೆಗೆ ಕೂಡದು, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಕೂಡದು, ಕಡಿಮೆಯಾದಷ್ಟೂ ಒಳ್ಳೆಯದು. ಊಟ ಮಾಡಿಸುವ ಹೊತ್ತಿನಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ಆ ಸಂಸ್ಥೆಯವರಿಗಿಂತ ನಮ್ಮ ತಾಯಂದಿರು ಬಲ್ಲರು.

ಐದಾರು ವರ್ಷವಾದ ಮೇಲೆ ಮಗುವಿಗೆ ಕಲ್ಪನೆಯ ರೆಕ್ಕೆ ಬಲಿಯುತ್ತದೆ. ಆಗ ಬೇಕಾದದ್ದು ಜಾಗ. ಮಂಚದ ಕೆಳಗೆ ಅಜ್ಜಿಯ ಹಳೆಯ ಸೀರೆಯೊಂದನ್ನು ಇಳಿಬಿಟ್ಟರೆ ಅರಮನೆ. ಎರಡು ಕುರ್ಚಿಗಳ ಮಧ್ಯೆ ಹೊದಿಕೆ ಹಾಸಿದರೆ ರೈಲುಗಾಡಿ. ಆದರೆ ಈಗಿನ ಚಿಕ್ಕ ಮನೆಗಳಲ್ಲಿ, ಬಾಡಿಗೆಯ ಮನೆಗಳಲ್ಲಿ, ಹರಡುವುದಕ್ಕೆ ಅನುಮತಿಯಿಲ್ಲ. ಸಂಜೆಯೊಳಗೆ ಎಲ್ಲವನ್ನೂ ತೆಗೆದಿಡಬೇಕೆಂಬ ಆಜ್ಞೆಯಿರುವ ಕಡೆ ನಾಳೆಗೆ ಮುಂದುವರಿಯುವ ಆಟ ಹುಟ್ಟಲಾರದು. ಮೈಸೂರಿನ ಒಂದು ಮನೆಯಲ್ಲಿ, ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ, ಕಿರಿಯ ಮಗನೊಬ್ಬ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಚಿತ್ರ ಗೀಚುತ್ತಿದ್ದ. ಹಿತ್ತಲಿನ ಮರದಲ್ಲಿ ಕೂತ ಕಾಗೆಯನ್ನು ಗಂಟೆಗಟ್ಟಲೆ ನೋಡುವುದು ಅವನಿಗೆ ಅಭ್ಯಾಸ. ಶಾಲೆಯಲ್ಲಿ ಅವನು ಬರೆದ ಅರಳಿಯ ಎಲೆಯನ್ನು ಕಂಡು ಉಪಾಧ್ಯಾಯರು ಮೆಚ್ಚಿದರು. ಆ ಹುಡುಗ ಆರ್. ಕೆ. ಲಕ್ಷ್ಮಣ್. ಮನೆಯವರು ಅವನಿಗೆ ಚಿತ್ರಕಲೆಯ ತರಗತಿ ಏರ್ಪಡಿಸಿದರೆಂದು ನಾವು ಕೇಳಿಲ್ಲ, ಗೋಡೆಯನ್ನು ಬಿಟ್ಟುಕೊಟ್ಟರು. ಬಾಡಿಗೆಯ ಮನೆಯಲ್ಲಿರುವವರು ಗೋಡೆ ಕೊಡಲಾರರು, ಸರಿ. ನೆಲ ಕೊಡಬಹುದು, ಸೀಮೆಸುಣ್ಣ ಕೊಡಬಹುದು, ಕೋಣೆಯ ಒಂದು ಮೂಲೆಯನ್ನು ಕೊಟ್ಟು ಒಂದು ವಾರ ಅದರ ಕಡೆ ಪೊರಕೆ ಸುಳಿಯದಂತೆ ನೋಡಿಕೊಳ್ಳಬಹುದು.

ಓದನ್ನು ನಾನು ಇಷ್ಟರವರೆಗೆ ಎತ್ತಲಿಲ್ಲ. “ಪುಸ್ತಕ ಹಿಡಿ” ಎಂಬ ಗದರಿಕೆಯಿಂದ ಎಷ್ಟೋ ಮಕ್ಕಳಿಗೆ ಪುಸ್ತಕವೆಂದರೆ ಶಿಕ್ಷೆಯಾಗಿಬಿಟ್ಟಿದೆ. ಮಕ್ಕಳ ಬಿಡುವಿಗಾಗಿಯೇ ಕನ್ನಡದ ದೊಡ್ಡವರು ಪಟ್ಟ ಶ್ರಮ ಸಣ್ಣದಲ್ಲ. ಪಂಜೆ ಮಂಗೇಶರಾಯರು ‘ಕವಿಶಿಷ್ಯ’ರಾಗಿ ಶಿಶುಗೀತ, ಕತೆಗಳನ್ನು ಕೊಟ್ಟರು, ರಾಜರತ್ನಂ ಮಕ್ಕಳ ನಾಲಗೆಗೆ ತಕ್ಕ ಪ್ರಾಸ ಕೊಟ್ಟರು, ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕಲೆಹಾಕಿ ಪ್ರಯೋಗಗಳನ್ನು ನಡೆಸಿದ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ ಎಷ್ಟು ಮಧ್ಯಾಹ್ನಗಳನ್ನು ನುಂಗಿತೋ ಲೆಕ್ಕವಿಲ್ಲ; ಅದು ಈಗ ಬರುತ್ತಿಲ್ಲ. ಇವುಗಳನ್ನೆಲ್ಲ ಮಗುವಿನ ಕೈಗೆ ತುರುಕುವುದಕ್ಕಿಂತ ಕಾಲಿಗೆ ತೊಡರುವಂತೆ ಮನೆಯಲ್ಲಿ ಹರಡಿಡುವುದು ಮೇಲು. ಮನೆಯಲ್ಲಿ ಪುಸ್ತಕವಿಲ್ಲದವರಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯವಿದೆ. 2020ರ ನವೆಂಬರಿನಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಅಲ್ಲಿ ಪುಕ್ಕಟೆಯಾಗಿ ಸದಸ್ಯತ್ವ ದೊರೆಯುವಂತಾಯಿತು.

ಆ ವರ್ಷದ ಹೆಸರು ಬಂದ ಮೇಲೆ ಅದನ್ನು ದಾಟಿ ಹೋಗುವಂತಿಲ್ಲ. 2020ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ಮುಚ್ಚಿದ ನಮ್ಮ ಶಾಲೆಗಳಲ್ಲಿ, ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಆರು ವರ್ಷದ ಮಗುವಿಗೆ ಅದು ಬದುಕಿನ ಕಾಲುಭಾಗ. ಬೇಸರ ಒಳ್ಳೆಯದು, ಅದರಿಂದ ಕಲ್ಪನೆ ಬೆಳೆಯುತ್ತದೆ ಎಂದು ಈಚೆಗೆ ಹಗುರವಾಗಿ ಹೇಳುವವರು ಆ ಹತ್ತೊಂಬತ್ತು ತಿಂಗಳನ್ನು ನೆನೆಯಬೇಕು. ರಜೆಯ ಬೇಸರಕ್ಕೆ ಒಂದು ಕೊನೆಯ ದಿನವಿದೆ, ಬೀದಿಯಲ್ಲಿ ಗೆಳೆಯರಿದ್ದಾರೆ, ಅಜ್ಜಿಯ ಊರಿಗೆ ಬಸ್ಸಿದೆ. ಅವೊಂದೂ ಇಲ್ಲದ ಬೇಸರಕ್ಕೆ ಸೆರೆಯೆಂದೇ ಹೆಸರು. ಅದರಿಂದ ಮಕ್ಕಳು ಕಲಿತ ಅಕ್ಷರವನ್ನು ಮರೆತರು, ಮಾತು ಕಡಿಮೆ ಮಾಡಿದರು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂದು ಉಪಾಧ್ಯಾಯರು ಹಳ್ಳಿಹಳ್ಳಿಗೆ ಹೋಗಿ ಗುಡಿಯ ಜಗಲಿಯ ಮೇಲೆ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡಾಗ ಆ ಮಕ್ಕಳಿಗೆ ಪಾಠಕ್ಕಿಂತ ಮೊದಲು ಬೇಕಾಗಿದ್ದದ್ದು ಇನ್ನೊಂದು ಮಗುವಿನ ಮುಖ. ಎರಡು ತಿಂಗಳಲ್ಲಿ ಅದೂ ನಿಂತುಹೋಯಿತು. ಒಬ್ಬನೇ ಮಗನಿರುವ ಮನೆಯಲ್ಲಿ “ಬೇಜಾರು” ಎಂಬ ಮಾತಿಗೆ ಹತ್ತರಲ್ಲಿ ಎಂಟು ಸಲ ಇದೇ ಅರ್ಥವೆಂದು ನನ್ನ ಎಣಿಕೆ. ಆಗ ಆಟಿಕೆಯನ್ನೂ ಪುಸ್ತಕವನ್ನೂ ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಬೇಕು.

ಕೊನೆಗೆ ಹೇಳಲೊಲ್ಲದವರು. ಹನ್ನೆರಡು ದಾಟಿದ ಹುಡುಗ, ಹುಡುಗಿ. ಇವರ ಬೇಸರ ಚಿಕ್ಕವರ ಬೇಸರದಂತಲ್ಲ. ಮಾಡಲು ಏನೂ ಇಲ್ಲವೆಂಬುದು ಅವರ ಕೊರಗಲ್ಲ. ಮಾಡುವುದೆಲ್ಲ ಆಟದ ಮಾತು, ತಮ್ಮಿಂದ ನಡೆಯಬೇಕಾದದ್ದು ಈ ಮನೆಯಲ್ಲಿ ಒಂದೂ ಇಲ್ಲವೆಂಬುದು ಕೊರಗು. ಹದಿನಾಲ್ಕರ ಮಗನನ್ನು ನಾವು ಮಾತಿನಲ್ಲಿ “ಇಷ್ಟು ದೊಡ್ಡವನಾದೆ” ಎಂದು ಗದರಿಸುತ್ತೇವೆ, ವ್ಯವಹಾರದಲ್ಲಿ ಹಾಲಿನ ಲೆಕ್ಕವನ್ನೂ ಅವನಿಗೆ ಬಿಡುವುದಿಲ್ಲ. ಇವರಿಗೆ ಕಾಲಕ್ಷೇಪವನ್ನು ಹುಡುಕಿಕೊಡಹೊರಟರೆ ಅವಮಾನವಾಗುತ್ತದೆ. ನಿಜವಾದ ಕೆಲಸ ಕೊಡಬೇಕು. ಕೆಟ್ಟರೆ ಮನೆಗೆ ನಷ್ಟವಾಗುವಂಥ ಕೆಲಸ. ತಿಂಗಳ ಸಾಮಾನಿನ ಪಟ್ಟಿ ಬರೆದು, ಅಂಗಡಿಯಲ್ಲಿ ಕೇಳಿ, ಹಣ ಎಣಿಸಿ ತರುವುದು; ವಾರಕ್ಕೊಂದು ದಿನ ಇಡೀ ಮನೆಗೆ ಅಡುಗೆ; ಕೆಟ್ಟ ಸೈಕಲ್ಲನ್ನು ಬಿಚ್ಚಿ ಕಟ್ಟುವುದು; ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ವೈದ್ಯರ ಮಾತನ್ನು ಸರಿಯಾಗಿ ಕೇಳಿಕೊಂಡು ಬರುವುದು. ಅಡುಗೆಗೆ ಉಪ್ಪು ಹೆಚ್ಚಾದ ದಿನ ಎಲ್ಲರೂ ಮಾತಾಡದೆ ಉಣ್ಣಬೇಕು. ಅಜ್ಜಿ ಬಾಯಲ್ಲಿ ಹೇಳುವ ಊರಿನ ಕತೆ, ಬರಗಾಲದ ಕತೆ, ಯಾರು ಯಾರ ಮಗಳೆಂಬ ವಂಶದ ಬಳ್ಳಿ, ಇವನ್ನೆಲ್ಲ ಬರೆದಿಟ್ಟುಕೊಳ್ಳೆಂದು ಒಂದು ನೋಟುಪುಸ್ತಕ ಕೊಟ್ಟರೆ ಕೆಲವು ಮಕ್ಕಳು ಅದನ್ನು ಹಿಡಿದುಬಿಡುತ್ತಾರೆ, ಹಿಡಿಯದಿದ್ದರೆ ಒತ್ತಾಯವಿಲ್ಲ.

ಆದರೆ ಈ ಮಾತು ಹುಡುಗಿಯರ ವಿಷಯದಲ್ಲಿ ತಿರುಗಿ ನಿಲ್ಲುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಹನ್ನೆರಡು ದಾಟಿದ ಹುಡುಗಿಗೆ ರಜೆಯೆಂದರೆ ಕೆಲಸ ಹೆಚ್ಚಾಗುವ ಕಾಲ. ಪಾತ್ರೆ, ಬಟ್ಟೆ, ತಮ್ಮನನ್ನು ನೋಡಿಕೊಳ್ಳುವುದು. ಅಣ್ಣನಿಗೆ ಬೇಸರವಾದರೆ ಸೈಕಲ್ಲು ಹತ್ತಿ ಮೈದಾನಕ್ಕೆ ಹೋಗುತ್ತಾನೆ, ಅವಳಿಗೆ ಬೇಸರವಾದರೆ “ಕೆಲಸವಿಲ್ಲವೇನೇ ನಿನಗೆ?” ಎಂಬ ಪ್ರಶ್ನೆ. ಅವಳಿಗೆ ಬೇಸರಪಡುವುದಕ್ಕೂ ಪುರಸೊತ್ತಿಲ್ಲ. ಬಿಡುವು ಎಂಬುದೂ ಒಂದು ಆಸ್ತಿ, ಅದನ್ನು ಪಾಲುಮಾಡುವಾಗ ನಾವು ಮಗನಿಗೆ ಹೆಚ್ಚು ಅಳೆಯುತ್ತಿದ್ದೇವೆ ಎಂಬುದನ್ನು ಒಪ್ಪಿಕೊಂಡ ಮೇಲೆ ಹಂಚಿಕೆ ಕಷ್ಟವಲ್ಲ: ಮಗನ ಬೇಸರಕ್ಕೆ ಪಾತ್ರೆ, ಮಗಳ ದಣಿವಿಗೆ ಸೈಕಲ್ಲು.

ಬೇಸಗೆಯ ಶಿಬಿರಗಳ ಮಾತನ್ನು ಎತ್ತದಿದ್ದರೆ ಯಾರಾದರೂ ಕೇಳಿಯಾರು. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ದಂಥವು ಮಕ್ಕಳಿಗೆ ದೊಡ್ಡ ವರ. ಆದರೆ ಬೆಳಗ್ಗೆ ಈಜು, ಆಮೇಲೆ ಚಿತ್ರ, ಮಧ್ಯಾಹ್ನ ಅಬಾಕಸ್ಸು, ಸಂಜೆ ಕರಾಟೆ ಎಂದು ಆರು ವಾರಗಳನ್ನು ಗಂಟೆಗಂಟೆಯಾಗಿ ಕತ್ತರಿಸಿಟ್ಟರೆ ಅದು ಇನ್ನೊಂದು ಬಗೆಯ ಸೀಮೆಸುಣ್ಣದ ಗೆರೆ, ಸ್ವಲ್ಪ ದುಬಾರಿಯದು. ತಂದೆತಾಯಿಗಳಿಬ್ಬರೂ ದುಡಿಯಲು ಹೋಗುವ ಮನೆಗಳಿಗೆ ಬೇರೆ ದಾರಿಯಿಲ್ಲದಿರಬಹುದು. ಅಂಥವರನ್ನು ದೂರುವುದು ನ್ಯಾಯವಲ್ಲ. ಅವರಿಂದ ಕೇಳಬಹುದಾದದ್ದು ಸಂಜೆಯ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆ ದೊಡ್ಡವರ ಮೊಬೈಲೂ ಕಪಾಟಿನಲ್ಲಿರಬೇಕು. ಚೌಕಾಬಾರದ ಮನೆ ನೆಲದ ಮೇಲೆ ಬೆಳಗಿನಿಂದ ಬರೆದೇ ಇರುತ್ತದೆ. ತಂದೆ ಬೆನ್ನು ನೋಯುತ್ತದೆಂದು ಗೊಣಗುತ್ತ ಕೆಳಗೆ ಕೂರುತ್ತಾನೆ, ಕಿರಿಯವನು ಕವಡೆಗಳನ್ನು ಎರಡು ಕೈಯಲ್ಲೂ ಕುಲುಕುತ್ತಾನೆ, ಒಂದು ಕವಡೆ ಹಾರಿ ಮಂಚದ ಕೆಳಗೆ ಹೋಗುತ್ತದೆ, ಅದು ಚೌಕವೋ ಬಾರವೋ ಎಂಬ ಜಗಳ ಊಟದವರೆಗೂ ನಡೆಯುತ್ತದೆ.